ಬಫರ್‌ನಲ್ಲೇ ಉಳಿದ ಸಾಲು: ಸಿ ಪ್ರೋಗ್ರಾಮ್ ರಿವ್ಯೂ ಕುರಿತ ಓದುಗರ ಪ್ರಶ್ನೆಗಳು

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಸಿ ಪ್ರೋಗ್ರಾಮ್‌ಗಳ ಔಟ್‌ಪುಟ್ ಕುರಿತಾದವು. ಅದರಲ್ಲೂ, ಜೊತೆಯವರು ಮಾಡಿ ಕಳಿಸಿದ ಬದಲಾವಣೆಯನ್ನು (ಪ್ಯಾಚ್) ಒಪ್ಪಬೇಕೋ ಬೇಡವೋ ಎಂಬುದೇ ಹಲವರ ಪ್ರಶ್ನೆ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಉತ್ತರಗಳೆಲ್ಲ ಲಿನಕ್ಸ್ ಮತ್ತು ಗ್ನೂ ಸಿ ಲೈಬ್ರರಿಗೆ ಅನ್ವಯಿಸುತ್ತವೆ. ವಿಂಡೋಸ್‌ನಲ್ಲಿ ಬೇರೆಯಾಗುವ ಕಡೆ ಹೇಳಿದ್ದೇವೆ.

ಪ್ರಶ್ನೆ: ತೋಟದಲ್ಲಿ ಮಳೆಮಾಪಕಕ್ಕೆ ರಾಸ್ಪ್‌ಬೆರಿ ಪೈ ಜೋಡಿಸಿದ್ದೇವೆ. ನಿಮಿಷಕ್ಕೊಂದು ಸಾಲನ್ನು ಫೈಲಿಗೆ ಬರೆಯುತ್ತದೆ. ಗೆಳೆಯರೊಬ್ಬರು ಲೂಪ್ ಒಳಗಿದ್ದ ಎಫ್‌ಫ್ಲಶ್ ಕರೆಯನ್ನು ತೆಗೆದು, "ವೇಗ ಹೆಚ್ಚುತ್ತದೆ" ಎಂದು ಪ್ಯಾಚ್ ಕಳಿಸಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಮಾಮೂಲು. ಪ್ಯಾಚ್ ಒಪ್ಪಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಒಪ್ಪಬೇಡಿ. ಕಾರಣವನ್ನು ಲೆಕ್ಕ ಹಾಕಿಯೇ ಗೆಳೆಯರಿಗೆ ತೋರಿಸಬಹುದು.

ಫೈಲಿಗೆ ಸಾಲು ಬರೆಯುವ ಎಫ್‌ಪ್ರಿಂಟ್‌ಎಫ್ ಕರೆ ಬರೆದದ್ದು ನೇರ ಫೈಲಿಗೆ ಹೋಗುವುದಿಲ್ಲ. ಮೊದಲು ಪ್ರೋಗ್ರಾಮ್‌ನ ಮೆಮೊರಿಯಲ್ಲೇ ಇರುವ ಬಫರ್‌ಗೆ ಬೀಳುತ್ತದೆ. ಆ ಬಫರನ್ನು ಕೂಡಲೇ ಖಾಲಿ ಮಾಡಿಸುವ ಕರೆಯೇ ಎಫ್‌ಫ್ಲಶ್. ಔಟ್‌ಪುಟ್ ಟರ್ಮಿನಲ್‌ಗಾದರೆ ಸಾಲು ಮುಗಿದಾಗಲೆಲ್ಲ ಬಫರ್ ಖಾಲಿಯಾಗುತ್ತದೆ. ಫೈಲ್ ಅಥವಾ ಪೈಪ್ ಆದರೆ ಬಫರ್ ತುಂಬುವವರೆಗೂ ಕಾಯುತ್ತದೆ. ಫೈಲಿನ ಬಫರ್ ಸಾಮಾನ್ಯವಾಗಿ 4096 ಬೈಟ್. ನಿಮ್ಮ ಒಂದು ಸಾಲು, ದಿನಾಂಕ, ಸಮಯ, ಮಿಲಿಮೀಟರ್ ಎಲ್ಲ ಸೇರಿ 40 ಬೈಟ್ ಎಂದಿಟ್ಟುಕೊಳ್ಳಿ. ಬಫರ್ ತುಂಬಲು ಸುಮಾರು 102 ಸಾಲು ಬೇಕು, ಅಂದರೆ ಒಂದು ಗಂಟೆ ನಲವತ್ತೆರಡು ನಿಮಿಷ. ಅಷ್ಟರಲ್ಲಿ ಕರೆಂಟು ಹೋದರೆ ಅಷ್ಟೂ ಹೊತ್ತಿನ ಮಳೆಯ ಲೆಕ್ಕ ಹೋದಂತೆ. ಜೊತೆಗೆ 4096ಕ್ಕೆ ಸರಿಯಾಗಿ ಕತ್ತರಿಸಿ ಬರೆಯುವುದರಿಂದ ಫೈಲಿನ ಕೊನೆಯಲ್ಲಿ ಅರ್ಧ ಸಾಲು ಉಳಿಯುತ್ತದೆ. ಆ ಫೈಲನ್ನು ಆಮೇಲೆ ಓದುವ ಪ್ರೋಗ್ರಾಮ್ ಅರ್ಧ ಸಂಖ್ಯೆಯನ್ನೇ ಪೂರ್ತಿ ಸಂಖ್ಯೆ ಎಂದು ತಿಳಿಯಬಹುದು. 112.5 ಎಂದಿರಬೇಕಾದದ್ದು 11 ಎಂದಾದರೆ ಯಾರಿಗೂ ಅನುಮಾನ ಬರುವುದಿಲ್ಲ.

ವೇಗದ ವಾದ ಇಲ್ಲಿ ಸಲ್ಲದು. ನಿಮಿಷಕ್ಕೊಂದು ಎಂದರೆ ದಿನಕ್ಕೆ 1440 ಸಿಸ್ಟಂ ಕಾಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಮಾಡುವ ಕರೆ. ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಸೆಕೆಂಡಿಗೆ ಸಾವಿರಾರು ಸಾಲು ಬರೆಯುವ ಪ್ರೋಗ್ರಾಮ್ ಆಗಿದ್ದರೆ ಗೆಳೆಯರ ಮಾತಿನಲ್ಲಿ ಹುರುಳಿರುತ್ತಿತ್ತು.

ಹಾಗೆಂದು ಹಳೆಯ ಕೋಡ್ ಕೂಡ ಪೂರ್ತಿ ಸುರಕ್ಷಿತ ಅಲ್ಲ. ಎಫ್‌ಫ್ಲಶ್ ಬೈಟ್‌ಗಳನ್ನು ಕರ್ನಲ್‌ಗೆ ಒಪ್ಪಿಸುತ್ತದೆ, ಅಷ್ಟೇ. ಪ್ರೋಗ್ರಾಮ್ ಕ್ರ್ಯಾಶ್ ಆದರೂ ಕರ್ನಲ್‌ಗೆ ಸೇರಿದ್ದು ಉಳಿಯುತ್ತದೆ. ಕರೆಂಟು ಹೋದರೆ ಉಳಿಯಲೇಬೇಕೆಂದಿಲ್ಲ, ಏಕೆಂದರೆ ಕರ್ನಲ್ ಅದನ್ನು ಕಾರ್ಡ್‌ಗೆ ಬರೆಯಲು ಸಾಮಾನ್ಯ ಸೆಟ್ಟಿಂಗ್‌ನಲ್ಲಿ 30 ಸೆಕೆಂಡಿನಷ್ಟು ಹೊತ್ತು ತೆಗೆದುಕೊಳ್ಳಬಹುದು. ನಿಮಗೆ ಬೇಕಾದದ್ದು ಎಫ್‌ಫ್ಲಶ್, ಅದರ ಹಿಂದೆಯೇ ಫೈಲ್‌ನ ಡಿಸ್ಕ್ರಿಪ್ಟರ್ (ಕರ್ನಲ್ ಫೈಲನ್ನು ಗುರುತಿಸುವ ಸಂಖ್ಯೆ) ಮೇಲೆ ಎಫ್‌ಸಿಂಕ್, ಅಂದರೆ ಕಾರ್ಡ್‌ಗೇ ಬರೆಯಿಸುವ ಕರೆ. ಕ್ರಮ ಹಿಂದುಮುಂದಾದರೆ ಪ್ರಯೋಜನವಿಲ್ಲ. ಬಫರ್‌ನಲ್ಲೇ ಕೂತಿರುವ ಬೈಟ್ ಎಫ್‌ಸಿಂಕ್‌ನ ಕಣ್ಣಿಗೆ ಬೀಳುವುದೇ ಇಲ್ಲ.

ಇಂಥ ಪ್ಯಾಚ್ ಬಂದಾಗ ಪ್ರೋಗ್ರಾಮ್ ನಿಲ್ಲುವ ದಾರಿಗಳನ್ನೂ ಒಂದೊಂದಾಗಿ ನೋಡಿ. ಮೇನ್‌ನಿಂದ ಹೊರಬಂದರೆ, ಎಕ್ಸಿಟ್ ಕರೆದರೆ ಬಫರ್ ತಾನಾಗಿ ಖಾಲಿಯಾಗುತ್ತದೆ. ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಕರೆದರೆ ಆಗುವುದಿಲ್ಲ. ಅಬಾರ್ಟ್ ಆದಾಗಲೂ ಅದನ್ನು ನಂಬುವಂತಿಲ್ಲ. ಹೆಚ್ಚಿನವರು ಮರೆಯುವುದು, ನಿಲ್ಲು ಎಂದು ಪ್ರೋಗ್ರಾಮ್‌ಗೆ ಹೇಳುವ ಸಿಗ್‌ಟರ್ಮ್ ಸಿಗ್ನಲ್ ಅನ್ನು. ಪೈ ಅನ್ನು ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿದರೂ ಪ್ರೋಗ್ರಾಮ್‌ಗೆ ಬರುವುದು ಆ ಸಿಗ್ನಲ್. ಅದನ್ನು ಹಿಡಿಯುವ ಕೋಡ್ (ಹ್ಯಾಂಡ್ಲರ್) ಇಲ್ಲದಿದ್ದರೆ ಬಫರ್‌ನಲ್ಲಿದ್ದದ್ದು ಅಲ್ಲೇ ನಾಶ. ಇದಕ್ಕೆ ಪರಿಹಾರ ಎಂದು ಸಿಗ್ನಲ್ ಹ್ಯಾಂಡ್ಲರ್ ಒಳಗೇ ಫೈಲ್ ಮುಚ್ಚುವ ಎಫ್‌ಕ್ಲೋಸ್ ಹಾಕುವ ಪ್ಯಾಚ್ ಬರಬಹುದು. ಅದನ್ನೂ ತಿರಸ್ಕರಿಸಿ. ಸಿಗ್ನಲ್ ಬಂದ ಹೊತ್ತಿಗೆ ಎಫ್‌ಪ್ರಿಂಟ್‌ಎಫ್ ಅರ್ಧದಲ್ಲಿದ್ದರೆ ಬಫರ್ ಕೆಡಬಹುದು, ಪ್ರೋಗ್ರಾಮ್ ಕ್ರ್ಯಾಶ್ ಆಗಬಹುದು ಅಥವಾ ಅಲ್ಲೇ ಸಿಕ್ಕಿಕೊಳ್ಳಬಹುದು. ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಮಾತ್ರ ಏರಿಸಬೇಕು. ಲೂಪ್ ಅದನ್ನು ನೋಡಿ ಹೊರಬಂದು ಫೈಲ್ ಮುಚ್ಚಬೇಕು.

ಪ್ರಶ್ನೆ: ಅಡಿಕೆ ವಹಿವಾಟಿನ ಪಟ್ಟಿ ಮುದ್ರಿಸುವ ನಮ್ಮ ಪ್ರೋಗ್ರಾಮ್‌ನಲ್ಲಿ ಇಂಗ್ಲಿಷ್ ಹೆಸರು ಇದ್ದಷ್ಟು ಕಾಲ ಕಾಲಂಗಳು ನೇರವಾಗಿದ್ದವು. ಕನ್ನಡ ಹೆಸರು ಹಾಕಿದ ಮೇಲೆ ತೂಕ, ದರ ಎಲ್ಲ ಅಂಕುಡೊಂಕು. ಸರಿಪಡಿಸಲು ಒಬ್ಬರು 20 ಎಂಬ ಅಗಲದ ಜೊತೆಗೆ 20 ಎಂಬ ಮಿತಿಯನ್ನೂ ಪ್ರಿಂಟ್‌ಎಫ್‌ಗೆ ಕೊಟ್ಟಿದ್ದಾರೆ. ಈಗ ಕೆಲವು ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಬರುತ್ತಿದೆ.
– ಓದುಗರು, ಸಾಗರ

ಉತ್ತರ: ಪ್ರಿಂಟ್‌ಎಫ್ ಎಣಿಸುವುದು ಬೈಟ್‌ಗಳನ್ನು. ಅಕ್ಷರವನ್ನೂ ಎಣಿಸುವುದಿಲ್ಲ, ಪರದೆಯ ಮೇಲಿನ ಜಾಗವನ್ನೂ ಎಣಿಸುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆ, ಹಲಂತ ಎನ್ನುವ ಅರ್ಧಾಕ್ಷರದ ಗುರುತು, ಎಲ್ಲವೂ ಒಂದೊಂದು ಸಂಕೇತ.

ನಿಮ್ಮ ಪಟ್ಟಿಯ ಅಡಿಕೆ ಬಗೆಗಳ ಹೆಸರನ್ನೇ ತೆಗೆದುಕೊಳ್ಳಿ. "ಸರಕು" ಎಂಬುದರಲ್ಲಿ ಸ, ರ, ಕ, ಉಕಾರ ಸೇರಿ 4 ಸಂಕೇತ, 12 ಬೈಟ್. 20ರ ಅಗಲ ಕೊಟ್ಟರೆ 8 ಖಾಲಿ ಜಾಗ ಸಿಗುತ್ತದೆ. "ಬೆಟ್ಟೆ"ಯಲ್ಲಿ 6 ಸಂಕೇತ, 18 ಬೈಟ್, 2 ಖಾಲಿ ಜಾಗ. "ರಾಶಿ ಇಡಿ" ನಡುವಿನ ಜಾಗವೂ ಸೇರಿ 22 ಬೈಟ್. ಆಗಲೇ 20 ದಾಟಿರುವುದರಿಂದ ಒಂದೂ ಖಾಲಿ ಜಾಗ ಇಲ್ಲ, ತೂಕದ ಅಂಕಿ ಬಂದು ಹೆಸರಿಗೇ ಅಂಟಿಕೊಳ್ಳುತ್ತದೆ. ನೋಡಲು "ಬೆಟ್ಟೆ" ಎಂಬುದು "ಸರಕು"ವಿಗಿಂತ ಚಿಕ್ಕದು. ಆದರೂ ಅದಕ್ಕೇ ಕಡಿಮೆ ಜಾಗ ಸಿಕ್ಕಿದ್ದು ಈ ಎಣಿಕೆಯಿಂದ.

ಇನ್ನು ಮಿತಿ. 20 ಬೈಟ್‌ಗೆ ಕತ್ತರಿಸಿದಾಗ "ರಾಶಿ ಇಡಿ"ಯಲ್ಲಿ 'ಡ' ವರೆಗೆ 19 ಬೈಟ್ ಆಗಿರುತ್ತದೆ. ಉಳಿದ ಒಂದು ಬೈಟ್‌ನಲ್ಲಿ ಇಕಾರದ ಮೂರನೇ ಒಂದು ಭಾಗ ಮಾತ್ರ ಹಿಡಿಯುತ್ತದೆ. ನೀವು ಕಾಣುತ್ತಿರುವ ಡಬ್ಬಿ ಆ ತುಂಡು ಬೈಟ್.

ಪ್ಯಾಚ್ ಬರೆದವರು ಮುಂದಿನ ಸಲ ಸಂಕೇತದ ಗಡಿಯವರೆಗೆ ಹಿಂದೆ ಸರಿದು ಕತ್ತರಿಸುವ ಕೋಡ್ ತರಬಹುದು. ಮಧ್ಯದ ಬೈಟ್‌ಗಳೆಲ್ಲ ಬೈನರಿಯಲ್ಲಿ 10 ಎಂದು ಶುರುವಾಗುತ್ತವೆ. ಹಾಗಾಗಿ ಕತ್ತರಿಸುವ ಜಾಗದಲ್ಲಿ ಅಂಥ ಬೈಟ್ ಇರುವವರೆಗೆ ಒಂದೊಂದೇ ಹಿಂದೆ ಬಂದರೆ ಸಾಕು. ತಾಂತ್ರಿಕವಾಗಿ ಅದು ಸರಿ. ಡಬ್ಬಿ ಹೋಗುತ್ತದೆ. ಆದರೆ ಉಳಿಯುವುದು "ರಾಶಿ ಇಡ". ರೈತನ ಕೈಗೆ ಹೋಗುವ ಚೀಟಿಯಲ್ಲಿ ಮಾಲಿನ ಹೆಸರು ತಪ್ಪಾಗುವುದು ಕಾಲಂ ಸೊಟ್ಟಗಾಗುವುದಕ್ಕಿಂತ ದೊಡ್ಡ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಸರನ್ನು ಕತ್ತರಿಸುವ ಯಾವ ಬದಲಾವಣೆಯನ್ನೂ ಒಪ್ಪಬೇಡಿ.

ವೈಡ್ ಕ್ಯಾರೆಕ್ಟರ್‌ಗಳಿಗೆ ಬದಲಿಸಿ ಅಗಲ ಲೆಕ್ಕ ಹಾಕುವ ದಾರಿಯೂ ಇದೆ. ಆದರೆ ಒತ್ತಕ್ಷರ ಪರದೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಟರ್ಮಿನಲ್ ಮತ್ತು ಫಾಂಟ್‌ಗೆ ಬಿಟ್ಟದ್ದು, ಲೈಬ್ರರಿಯ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ. ಸುಲಭದ ಪರಿಹಾರ ಹೀಗೆ: ಸಾಲಿನಲ್ಲಿ ಮೊದಲು ಅಂಕಿಗಳನ್ನು ಮುದ್ರಿಸಿ, ತೂಕಕ್ಕೆ 10, ಕ್ವಿಂಟಲ್ ದರಕ್ಕೆ 8 ಅಗಲ ಕೊಟ್ಟು, ಕನ್ನಡ ಹೆಸರನ್ನು ಕೊನೆಯ ಕಾಲಂಗೆ ಹಾಕಿ. ಅಂಕಿಗಳು ಒಂದೊಂದು ಬೈಟ್ ಆದ್ದರಿಂದ ಅವು ನೇರ ನಿಲ್ಲುತ್ತವೆ. ಹೆಸರು ಮೊದಲೇ ಬರಬೇಕೆಂದಿದ್ದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲ್ ಮಾಡಿ, ಜೋಡಣೆಯ ಕೆಲಸವನ್ನು ಸ್ಪ್ರೆಡ್‌ಶೀಟ್‌ಗೆ ಬಿಡಿ.

ಒಂದು ಮಾತು ಹೆಚ್ಚಿಗೆ ಹೇಳಬೇಕು. 4096 ಎಂಬುದು 3ರಿಂದ ಭಾಗವಾಗುವುದಿಲ್ಲ. ಬಫರ್ ತುಂಬಿ ಹೊರಗೆ ಹೋಗುವಾಗ ಕನ್ನಡ ಅಕ್ಷರವೊಂದು ಎರಡು ತುಂಡಾಗಬಹುದು. ಫೈಲಿನಲ್ಲಿ ಎರಡನೇ ತುಂಡು ಪಕ್ಕದಲ್ಲೇ ಬಂದು ಕೂರುವುದರಿಂದ ತೊಂದರೆಯಿಲ್ಲ. ಪೈಪ್‌ನ ಆಚೆ ತುದಿಯಲ್ಲಿ ಓದುವ ಪ್ರೋಗ್ರಾಮ್ ಪ್ರತಿ ತುಂಡನ್ನೂ ಪೂರ್ಣ ಪಠ್ಯ ಎಂದುಕೊಂಡರೆ ಅಲ್ಲೂ ಡಬ್ಬಿ ಕಾಣುತ್ತದೆ. ಆಗ ತಿದ್ದಬೇಕಾದದ್ದು ಓದುವವನನ್ನು, ಬರೆಯುವವನನ್ನಲ್ಲ.

ಪ್ರಶ್ನೆ: ಸಾಲನ್ನು ತುಂಡುತುಂಡಾಗಿ ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ಸೇರಿಸುತ್ತಾ ಹೋಗುವ ಪ್ಯಾಚ್ ಬಂದಿದೆ. ಪ್ರತಿ ಸಲ ಅದು ಹಿಂದಿರುಗಿಸಿದ ಸಂಖ್ಯೆಯನ್ನು ಸ್ಥಾನಕ್ಕೆ ಕೂಡಿಸುತ್ತಾರೆ. 'ಎನ್' (ಬರೆಯುವ ಬೈಟ್‌ಗಳ ಮಿತಿ) ಇರುವ ಕರೆ ಆದ್ದರಿಂದ ಸುರಕ್ಷಿತ ಅಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಒಂದು ಕರೆಯ ಮಟ್ಟಿಗೆ ಸುರಕ್ಷಿತ. ಸರಪಳಿಯಾದರೆ ಅಲ್ಲ. ಎಸ್‌ಎನ್‌ಪ್ರಿಂಟ್‌ಎಫ್ ಹಿಂದಿರುಗಿಸುವುದು ಬರೆದ ಬೈಟ್‌ಗಳ ಸಂಖ್ಯೆಯನ್ನಲ್ಲ, ಜಾಗ ಸಾಕಷ್ಟಿದ್ದಿದ್ದರೆ ಎಷ್ಟು ಬರೆಯುತ್ತಿತ್ತೋ ಆ ಸಂಖ್ಯೆಯನ್ನು.

ಪಠ್ಯ ಸೇರುವ ಅರೆ, ಅಂದರೆ ಸಾಲಾಗಿ ಕಾದಿರಿಸಿದ ಮೆಮೊರಿ, 64 ಬೈಟ್‌ನದು, ಸ್ಥಾನ 60ಕ್ಕೆ ಬಂದಿದೆ, ಸೇರಿಸಬೇಕಾದ ಪದ "ಶಿವಮೊಗ್ಗ" ಎನ್ನೋಣ. ಅದು 24 ಬೈಟ್. ಉಳಿದ 4ರಲ್ಲಿ 3 ಬೈಟ್ ಮತ್ತು ಪಠ್ಯ ಮುಗಿಯಿತು ಎನ್ನುವ ಕೊನೆಯ ಸೊನ್ನೆ ಬರೆದು, 24 ಎಂದು ಹೇಳುತ್ತದೆ. ಸ್ಥಾನ 84 ಆಯಿತು. ಮುಂದಿನ ಕರೆಗೆ ಉಳಿದ ಜಾಗ 64ರಲ್ಲಿ 84 ಕಳೆದದ್ದು. ಈ ಲೆಕ್ಕ ನಡೆಯುವುದು ಋಣ ಸಂಖ್ಯೆಯೇ ಇಲ್ಲದ ಸೈಜ್-ಟಿ ಪ್ರಕಾರದಲ್ಲಿ. 64 ಬಿಟ್ ಯಂತ್ರದಲ್ಲಿ ಉತ್ತರ 18446744073709551596. ಜಾಗ ಬೇಕಾದಷ್ಟಿದೆ ಎಂದು ನಂಬಿ ಅರೆಯ ಆಚೆಗೆ 20 ಬೈಟ್ ದಾಟಿ ಬರೆಯಲು ಶುರುಮಾಡುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷಿಸಿದಾಗ ಇದು ಕಾಣದೆ, ಕನ್ನಡ ಬಂದ ದಿನ ಕಾಣಿಸಿಕೊಳ್ಳುವುದು ಸಹಜ.

ಪ್ರತಿ ಕರೆಯ ನಂತರ ಎರಡು ಪ್ರಶ್ನೆ ಇರಬೇಕು: ಬಂದ ಸಂಖ್ಯೆ ಸೊನ್ನೆಗಿಂತ ಕಡಿಮೆಯೇ? ಉಳಿದ ಜಾಗಕ್ಕೆ ಸಮ ಅಥವಾ ಹೆಚ್ಚೇ? ಎರಡರಲ್ಲಿ ಯಾವುದು ಹೌದಾದರೂ ಅಲ್ಲಿಗೇ ನಿಲ್ಲಬೇಕು. "ಸಮ" ಎಂಬುದನ್ನು ಬಿಟ್ಟು "ಹೆಚ್ಚು" ಎಂದಷ್ಟೇ ಬರೆದಿದ್ದರೆ ತಪ್ಪು, ಕೊನೆಯ ಸೊನ್ನೆಗೂ ಒಂದು ಬೈಟ್ ಬೇಕು. ಇದೇ ಕೋಡನ್ನು ಬೇರೆ ಫಂಕ್ಷನ್‌ಗೆ ಸರಿಸಿದ್ದರೆ ಗಾತ್ರ ಹೇಳುವ ಸೈಜ್‌ಆಫ್ ಕಡೆ ಕಣ್ಣಿಡಿ. ಅರೆ ಈಗ ಪಾಯಿಂಟರ್ (ಬರೀ ಮೆಮೊರಿ ವಿಳಾಸ) ಆಗಿರುತ್ತದೆ, ಸೈಜ್‌ಆಫ್ 64ರ ಬದಲು 8 ಎನ್ನುತ್ತದೆ. ಆ ಸಾಲು ಬದಲಾವಣೆಗಳನ್ನು ತೋರಿಸುವ ಡಿಫ್‌ನಲ್ಲಿ ಒಂದಕ್ಷರವೂ ಬದಲಾಗದೆ ಕಾಣುವುದರಿಂದ ಕಣ್ತಪ್ಪಿ ಹೋಗುತ್ತದೆ. ಉದ್ದ ಮೊದಲೇ ಗೊತ್ತಿಲ್ಲದ ಪಠ್ಯವಾದರೆ ಓಪನ್‌-ಮೆಮ್‌ಸ್ಟ್ರೀಮ್ ಬಳಸಲು ಹೇಳಿ. ಅದು ಬೇಕಾದಷ್ಟು ಮೆಮೊರಿಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆದರೆ ಪಾಯಿಂಟರ್ ಮತ್ತು ಉದ್ದವನ್ನು ಎಫ್‌ಫ್ಲಶ್ ಅಥವಾ ಎಫ್‌ಕ್ಲೋಸ್ ಆದ ಮೇಲಷ್ಟೇ ನಂಬಬೇಕು, ಮೆಮೊರಿಯನ್ನು ಕೊನೆಗೆ ಫ್ರೀ ಮಾಡಬೇಕು.

ಪ್ರಶ್ನೆ: ಟರ್ಮಿನಲ್‌ನಲ್ಲಿ ಒಂದೇ ಸಲ ಬರುವ ತಲೆಬರಹ, ಫೈಲಿಗೆ ತಿರುಗಿಸಿದರೆ ಎರಡು ಸಲ ಬರುತ್ತದೆ. ಹೊಸ ಪ್ಯಾಚ್‌ನಲ್ಲಿ ಫೋರ್ಕ್ ಸೇರಿದೆ.
– ಓದುಗರು, ಭದ್ರಾವತಿ

ಉತ್ತರ: ಫೋರ್ಕ್ ಎಂದರೆ ಓಡುತ್ತಿರುವ ಪ್ರೋಗ್ರಾಮ್‌ನ ನಕಲು ಮಾಡುವ ಕರೆ. ಆಗ ಬಫರ್ ಕೂಡ ನಕಲಾಗುತ್ತದೆ. ಫೈಲಿಗೆ ಬರೆಯುವಾಗ ತಲೆಬರಹ ಇನ್ನೂ ಬಫರ್‌ನಲ್ಲೇ ಇತ್ತು. ತಾಯಿ ಪ್ರೋಸೆಸ್ ಒಮ್ಮೆ, ಮಗು ಪ್ರೋಸೆಸ್ ಒಮ್ಮೆ ಅದನ್ನು ಹೊರಹಾಕಿದವು. ಫೋರ್ಕ್‌ಗೆ ಮೊದಲು ಎಫ್‌ಫ್ಲಶ್‌ಗೆ ನಲ್ ಕೊಟ್ಟು ಕರೆಯಿರಿ, ತೆರೆದಿರುವ ಎಲ್ಲ ಔಟ್‌ಪುಟ್‌ಗಳೂ ಖಾಲಿಯಾಗುತ್ತವೆ. ಮಗು ಮುಗಿಯುವಾಗ ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಬಳಸಲಿ. ಮಗುವೂ ಏನಾದರೂ ಮುದ್ರಿಸುತ್ತಿದ್ದರೆ ಅದಕ್ಕೂ ಮುಂಚೆ ತನ್ನದನ್ನು ತಾನೇ ಫ್ಲಶ್ ಮಾಡಬೇಕು.

ಪ್ರಶ್ನೆ: ಪೆನ್‌ಡ್ರೈವ್ ತುಂಬಿದ್ದರೂ ಪ್ರೋಗ್ರಾಮ್ "ವರದಿ ಉಳಿಸಲಾಗಿದೆ" ಎಂದಿತು. ಈಗ ಪ್ರತಿ ಎಫ್‌ಪ್ರಿಂಟ್‌ಎಫ್ ಸುತ್ತಲೂ ಇಫ್ ಹಾಕಿದ ಪ್ಯಾಚ್ ಬಂದಿದೆ. ಇದರಿಂದ ಸರಿಹೋಗುತ್ತದೆಯೇ?
– ಓದುಗರು, ಶಿಕಾರಿಪುರ

ಉತ್ತರ: ಕೋಡ್ ಉದ್ದವಾಗುತ್ತದೆ, ದೋಷ ಮಾತ್ರ ತಪ್ಪಿಸಿಕೊಳ್ಳುತ್ತದೆ. ಬಫರ್‌ನಲ್ಲಿ ಜಾಗ ಇರುವವರೆಗೆ ಎಫ್‌ಪ್ರಿಂಟ್‌ಎಫ್ ಯಶಸ್ಸು ಎಂದೇ ಹೇಳುತ್ತದೆ. ಜಾಗವಿಲ್ಲ ಎಂದು ಗೊತ್ತಾಗುವುದು ಬಫರ್ ಹೊರಹೋಗುವಾಗ. ವರದಿ 4096 ಬೈಟ್‌ಗಿಂತ ಚಿಕ್ಕದಾದರೆ ಅದು ಎಫ್‌ಕ್ಲೋಸ್‌ನಲ್ಲೇ ಗೊತ್ತಾಗುವುದು, ಅದರ ಉತ್ತರವನ್ನು ಯಾರೂ ನೋಡಿರುವುದಿಲ್ಲ.

ಕೊನೆಯಲ್ಲಿ ಈ ಕ್ರಮ ಇರಲಿ: ಎಫ್‌ಫ್ಲಶ್ ಸೊನ್ನೆ ಕೊಟ್ಟಿತೇ, ಎಫ್‌ಎರರ್ ಏನನ್ನುತ್ತದೆ, ಎಫ್‌ಸಿಂಕ್ ಆಯಿತೇ, ಎಫ್‌ಕ್ಲೋಸ್ ಆಯಿತೇ. ಎಫ್‌ಎರರ್ ಏಕೆಂದರೆ ಮಧ್ಯದಲ್ಲೆಲ್ಲೋ ಒಂದು ಬರಹ ವಿಫಲವಾಗಿ ಕೊನೆಯದು ಯಶಸ್ವಿಯಾಗಿರಬಹುದು, ಎಫ್‌ಫ್ಲಶ್ ಹೇಳುವುದು ಕೊನೆಯದರ ಸಂಗತಿ ಮಾತ್ರ. ನಡುವೆ ರಿವೈಂಡ್ ಕರೆದಿದ್ದರೆ ಆ ಗುರುತೂ ಅಳಿಸಿಹೋಗಿರುತ್ತದೆ, ಹುಡುಕಿ ನೋಡಿ. ನಾಲ್ಕೂ ಆದ ಮೇಲೆ "ಉಳಿಸಲಾಗಿದೆ" ಎನ್ನಲಿ. ಒಂದು ತಪ್ಪಿದರೂ ಪ್ರೋಗ್ರಾಮ್ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡಬೇಕು.

ಪರೀಕ್ಷೆಗೆ ಪೆನ್‌ಡ್ರೈವ್ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ ಡೆವ್ ಡೈರೆಕ್ಟರಿಯ ಒಳಗೆ ಫುಲ್ ಎಂಬ ಸಾಧನ ಇದೆ. ಅಲ್ಲಿಗೆ ಏನು ಬರೆದರೂ "ಜಾಗವಿಲ್ಲ" ಎಂಬ ದೋಷವೇ ಬರುತ್ತದೆ. ಪ್ರೋಗ್ರಾಮ್‌ನ ಔಟ್‌ಪುಟ್ ಅನ್ನು ಅದಕ್ಕೆ ತಿರುಗಿಸಿ, ಎಕ್ಸಿಟ್ ಕೋಡ್ ನೋಡಿ. ಆ ಸಾಧನಕ್ಕೆ ಎಫ್‌ಸಿಂಕ್ ಅನ್ವಯಿಸದಿದ್ದರೂ ಎಫ್‌ಫ್ಲಶ್ ಹಂತದಲ್ಲೇ ದೋಷ ಸಿಗಬೇಕು. ಎಕ್ಸಿಟ್ ಕೋಡ್ ಸೊನ್ನೆ ಬಂದರೆ ಪ್ಯಾಚ್ ವಾಪಸ್ ಕಳಿಸಿ.

ಪ್ರಶ್ನೆ: ಲಾಗ್ ಫೈಲ್ ತೆರೆಯುವ ಫಂಕ್ಷನ್‌ನಲ್ಲಿ 65536 ಬೈಟ್‌ನ ಅರೆ ಮಾಡಿ, ಅದೇ ಫೈಲಿನ ಬಫರ್ ಆಗಲಿ ಎಂದು ಸೆಟ್‌ವಿಬಫ್‌ಗೆ ಕೊಟ್ಟಿದ್ದೇನೆ. ನನ್ನ ಯಂತ್ರದಲ್ಲಿ ಕೆಲಸ ಮಾಡುತ್ತದೆ, ರಿವ್ಯೂ ಮಾಡಿದವರು ಬೇಡ ಎನ್ನುತ್ತಾರೆ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅವರು ಹೇಳಿದ್ದು ಸರಿ. ಆ ಅರೆ ಫಂಕ್ಷನ್ ಮುಗಿದೊಡನೆ ಇಲ್ಲವಾಗುತ್ತದೆ, ಫೈಲ್ ಮಾತ್ರ ಅದೇ ವಿಳಾಸಕ್ಕೆ ಬರೆಯುತ್ತಲೇ ಇರುತ್ತದೆ. ಮುಂದೆ ಕರೆಯುವ ಫಂಕ್ಷನ್‌ಗಳ ವೇರಿಯಬಲ್‌ಗಳು ಅದೇ ಜಾಗಕ್ಕೆ ಬರುತ್ತವೆ. ಲಾಗ್‌ನಲ್ಲಿ ಕಸ ಕಾಣಬಹುದು, ಇಲ್ಲವೇ ಲಾಗ್‌ನ ಪಠ್ಯ ನಿಮ್ಮ ವೇರಿಯಬಲ್‌ಗಳನ್ನು ಕೆಡಿಸಬಹುದು. ಬಫರ್ ಫೈಲ್ ಮುಚ್ಚುವವರೆಗೆ ಬದುಕಿರಬೇಕು. ಮೇನ್ ಒಳಗಿನ ಅರೆಯೂ ಸಾಲದು, ಏಕೆಂದರೆ ಮುಚ್ಚದೆ ಬಿಟ್ಟ ಫೈಲ್‌ಗಳು ಖಾಲಿಯಾಗುವುದು ಮೇನ್ ಮುಗಿದ ಮೇಲೆ.

ಸ್ಟ್ಯಾಟಿಕ್ ಎಂದು ಸೇರಿಸಿದರೆ ಒಂದು ಫೈಲ್‌ಗೆ ಸರಿಹೋಗುತ್ತದೆ. ಅದೇ ಫಂಕ್ಷನ್ ಎರಡು ಲಾಗ್ ತೆರೆದರೆ ಎರಡೂ ಒಂದೇ ಮೆಮೊರಿಯಲ್ಲಿ ಬರೆದು ಪಠ್ಯ ಬೆರೆತುಹೋಗುತ್ತದೆ. ಫೈಲ್‌ಗೊಂದರಂತೆ ಮ್ಯಾಲಕ್ ಮಾಡಿ, ಎಫ್‌ಕ್ಲೋಸ್ ಆದ ಮೇಲೆ ಫ್ರೀ ಮಾಡುವುದು ಸರಿಯಾದ ದಾರಿ. ಸೆಟ್‌ವಿಬಫ್ ಕರೆ ಎಫ್‌ಓಪನ್‌ನ ನಂತರ, ಮೊದಲ ಬರಹಕ್ಕಿಂತ ಮುಂಚೆ ಇರಲೇಬೇಕು. ಸಾಲುಸಾಲಿಗೆ ಹೊರಹೋಗಲಿ ಎಂಬ ಉದ್ದೇಶದಿಂದ ಲೈನ್ ಬಫರಿಂಗ್ ಕೇಳುತ್ತಿದ್ದರೆ, ಮೈಕ್ರೋಸಾಫ್ಟ್ ಸಿ ಲೈಬ್ರರಿ ಅದನ್ನು ಪೂರ್ತಿ ಬಫರಿಂಗ್ ಎಂದೇ ನಡೆಸುತ್ತದೆ. ವಿಂಡೋಸ್‌ನಲ್ಲೂ ಓಡಬೇಕಾದ ಕೋಡ್‌ನಲ್ಲಿ ಎಫ್‌ಫ್ಲಶ್ ಅನ್ನೇ ನೇರ ಬರೆಯಿರಿ.

ಪ್ರಶ್ನೆ: ಕೀಬೋರ್ಡ್‌ನಲ್ಲಿ ಉಳಿದ ಅಕ್ಷರ ತೆಗೆಯಲು ಇನ್‌ಪುಟ್ ಮೇಲೆ ಎಫ್‌ಫ್ಲಶ್ ಕರೆಯಬಹುದೇ?
– ಓದುಗರು, ಸೊರಬ

ಉತ್ತರ: ಬೇಡ. ಸಿ ಮಾನಕದ ಪ್ರಕಾರ ಅದರ ವರ್ತನೆ ಅನಿರ್ದಿಷ್ಟ. ಹೊಸ ಸಾಲಿನ ಗುರುತು ಅಥವಾ ಇನ್‌ಪುಟ್‌ನ ಕೊನೆ ಬರುವವರೆಗೆ ಗೆಟ್‌ಚಾರ್‌ನಿಂದ ಓದಿ ಬಿಸಾಡಿ. ಓದಿದ್ದನ್ನು ಇಂಟ್ ಪ್ರಕಾರದ ವೇರಿಯಬಲ್‌ನಲ್ಲಿ ಹಿಡಿಯಿರಿ.

ಪ್ರಶ್ನೆ: ಔಟ್‌ಪುಟ್ ಭಾಗವನ್ನು ಪೂರ್ತಿ ತಿದ್ದಿ ಬರೆದ ದೊಡ್ಡ ಪ್ಯಾಚ್ ಬಂದಿದೆ. ಇಂಡೆಂಟೇಶನ್ ಕೂಡ ಬದಲಾಗಿದೆ. ಎಲ್ಲಿಂದ ನೋಡಲು ಶುರುಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಇಂಡೆಂಟೇಶನ್ ಒಂದು ಕಮಿಟ್, ಕೆಲಸದ ಬದಲಾವಣೆ ಇನ್ನೊಂದು ಕಮಿಟ್ ಮಾಡಿ ಕೊಡಿ ಎಂದು ಕೇಳಿ. ಸಂಕೋಚ ಬೇಡ. ಅಷ್ಟರವರೆಗೆ ಗಿಟ್ ಡಿಫ್‌ಗೆ ಮೈನಸ್ ಡಬ್ಲ್ಯೂ ಕೊಟ್ಟರೆ ಖಾಲಿ ಜಾಗದ ಬದಲಾವಣೆಗಳು ಮರೆಯಾಗುತ್ತವೆ.

ಓದುವಾಗ ಮೊದಲು ತೆಗೆದ ಸಾಲುಗಳನ್ನು ನೋಡಿ, ಆಮೇಲೆ ಸೇರಿಸಿದ್ದನ್ನು. ತೆಗೆದದ್ದರಲ್ಲಿ ಎಫ್‌ಫ್ಲಶ್, ಎಫ್‌ಕ್ಲೋಸ್, ಹೊಸ ಸಾಲಿನ ಗುರುತು ಇದೆಯೇ? ಪುಟ್ಸ್ ಇದ್ದ ಕಡೆ ಎಫ್‌ಪುಟ್ಸ್ ಬಂದಿದ್ದರೆ ಹೊಸ ಸಾಲು ಕಳೆದುಹೋಗಿರುತ್ತದೆ, ಏಕೆಂದರೆ ಪುಟ್ಸ್ ಅದನ್ನು ತಾನೇ ಸೇರಿಸುತ್ತಿತ್ತು. ಪ್ರಿಂಟ್‌ಎಫ್ ಜೊತೆಗೆ ನೇರ ರೈಟ್ ಕರೆಯೂ ಬಂದಿದ್ದರೆ ಸಾಲುಗಳ ಕ್ರಮ ತಪ್ಪುತ್ತದೆ. ರೈಟ್ ಬಫರನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತದೆ. ಹೊರಗಿನಿಂದ ಬಂದ ಪಠ್ಯವನ್ನೇ ಪ್ರಿಂಟ್‌ಎಫ್‌ನ ಮೊದಲ ಸ್ಥಾನದಲ್ಲಿ ಇಟ್ಟಿದ್ದರೆ ಬಿಡಲೇಬೇಡಿ. ಷರಾ ಕಾಲಂನಲ್ಲಿ ಯಾರೋ "ತೇವಾಂಶ 12%" ಎಂದು ಬರೆದರೆ ಸಾಕು, ಆ ಶೇಕಡಾ ಚಿಹ್ನೆಯನ್ನು ಪ್ರಿಂಟ್‌ಎಫ್ ಆದೇಶ ಎಂದು ಓದುತ್ತದೆ.

ನಂತರ ಓಡಿಸಿ. ಟರ್ಮಿನಲ್‌ಗೆ ಒಮ್ಮೆ, ಕ್ಯಾಟ್‌ಗೆ ಪೈಪ್ ಮಾಡಿ ಒಮ್ಮೆ, ಫೈಲಿಗೆ ಒಮ್ಮೆ. ಹಳೆಯ ಮತ್ತು ಹೊಸ ಪ್ರೋಗ್ರಾಮ್‌ಗಳ ಫೈಲನ್ನು ಸಿಎಂಪಿಯಿಂದ ಬೈಟ್ ಬೈಟ್ ಹೋಲಿಸಿ. ಕಣ್ಣಿಗೆ ಒಂದೇ ಥರ ಕಂಡದ್ದು ಒಂದೇ ಎಂದಲ್ಲ. ಎಸ್‌ಟ್ರೇಸ್‌ಗೆ ರೈಟ್ ಕರೆಗಳನ್ನಷ್ಟೇ ತೋರಿಸಲು ಹೇಳಿದರೆ ಯಾವಾಗ, ಎಷ್ಟು ಬೈಟ್ ಹೊರಹೋಯಿತು ಎಂದು ಸಾಲುಸಾಲಾಗಿ ಕಾಣುತ್ತದೆ. ವೇಗದ ಬಗ್ಗೆ ವಾದ ಇದ್ದರೆ ಆ ಎಣಿಕೆಯನ್ನೇ ಮುಂದಿಡಿ. ಓಡುತ್ತಿರುವಾಗ ಕಿಲ್‌ನಿಂದ 9ನೇ ಸಿಗ್ನಲ್ ಕಳಿಸಿ ಫೈಲಿನ ಕೊನೆಯ ಸಾಲು ನೋಡಿ. ಜಿಸಿಸಿ ಕಂಪೈಲರ್‌ನಲ್ಲಿ ಎಲ್ಲ ಎಚ್ಚರಿಕೆಗಳ ಜೊತೆಗೆ ಫಾರ್ಮ್ಯಾಟ್ ಎರಡನೇ ಹಂತದ ಎಚ್ಚರಿಕೆಯನ್ನೂ ಹಾಕಿ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಸೇರಿಸಿ ಮತ್ತೊಮ್ಮೆ ಕಂಪೈಲ್ ಮಾಡಿ ಓಡಿಸಿ. ಪರೀಕ್ಷೆಯ ಹೆಸರುಗಳಲ್ಲಿ ಕನ್ನಡದವು ಇರಲಿ, ಒತ್ತಕ್ಷರ ಇರುವಂಥವೂ, 64 ಬೈಟ್ ದಾಟುವಂಥವೂ.

ಈ ಓಟಗಳಲ್ಲಿ ಯಾವುದನ್ನು ಮಾಡಲಾಗಿದೆ, ಏನು ಬಂತು ಎಂಬುದನ್ನು ಕಮಿಟ್ ಸಂದೇಶದಲ್ಲೇ ಬರೆಯಿಸಿ. ಮುಂದಿನ ವರ್ಷ ಯಾರೋ ಒಂದು ಎಫ್‌ಫ್ಲಶ್ ಅನಗತ್ಯ ಎಂದುಕೊಂಡು ತೆಗೆಯಲು ಹೊರಟಾಗ, ಅದು ಅಲ್ಲಿ ಏಕಿದೆ ಎಂದು ಪ್ರತಿ ಸಾಲು ಯಾವ ಕಮಿಟ್‌ನದು ಎಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ನೋಡಿದರೆ ಸಿಗಬೇಕು.